ಬಾಣಂತಿ ಕೋಣೆಗೆ ಕ್ಯಾಮೆರಾ ಬಂದಾಗ

2012ರ ಮೇ ತಿಂಗಳಿನ ಒಂದು ಬೆಳಗು. ಡೊಂಬಿವಲಿಯಿಂದ ಸಿಎಸ್‌ಟಿಗೆ ಹೊರಟ ಫಾಸ್ಟ್ ಲೋಕಲಿನ ಲೇಡೀಸ್ ಡಬ್ಬದಲ್ಲಿ ಕಾಲೂರಲು ಜಾಗವಿರಲಿಲ್ಲ. ಹೆರಿಗೆ ರಜೆ ಮುಗಿಸಿ ಕಚೇರಿಗೆ ಮರಳಿ ನನಗಿನ್ನೂ ನಾಲ್ಕು ವಾರವೂ ಆಗಿರಲಿಲ್ಲ. ಆರು ತಿಂಗಳ ಮಗಳನ್ನು ಅಮ್ಮನ ಕೈಗೆ ಕೊಟ್ಟು ಬಾಗಿಲು ಎಳೆದುಕೊಂಡು ಬಂದಿದ್ದೆ. ದಿವಾ ದಾಟುವಾಗ ಪಕ್ಕದಲ್ಲಿ ನಿಂತಿದ್ದ ರೈಲಿನ ಗೆಳತಿಯೊಬ್ಬಳು ತನ್ನ ಫೋನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಪರದೆಯ ಮೇಲೆ ಐಶ್ವರ್ಯಾ ರೈ ನಡೆದು ಬರುತ್ತಿದ್ದರು. ಹೆರಿಗೆಯ ನಂತರ ಮೈತುಂಬಿಕೊಂಡಿದ್ದ ಐಶ್ವರ್ಯಾ. ಆ ದೃಶ್ಯಕ್ಕೆ ಯಾರೋ ಆನೆ ಘೀಳಿಡುವ ಸದ್ದನ್ನು ಜೋಡಿಸಿದ್ದರು. ಡಬ್ಬದ ಆ ಮೂಲೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.

ನಗುತ್ತಲೇ ಹೆಗಲಿನ ಚೀಲವನ್ನು ಹೊಟ್ಟೆಯ ಮುಂದಕ್ಕೆ ಎಳೆದುಕೊಂಡದ್ದು ಇಂದಿಗೂ ನೆನಪಿದೆ. ಹಾಲು ಕಟ್ಟಿಕೊಂಡ ಎದೆ ನೋಯುತ್ತಿತ್ತು. ದುಪಟ್ಟಾದ ಕೆಳಗೆ ಕುರ್ತಾ ಒದ್ದೆಯಾಗುವ ಭಯ ಬೇರೆ. ಅವರ ಮಗಳು ಹುಟ್ಟಿದ್ದು 2011ರ ನವೆಂಬರ್ 16ರಂದು. ನನ್ನ ಮಗಳು ಅದಕ್ಕೂ ಸ್ವಲ್ಪ ದಿನ ಮೊದಲು, ಅದೇ ತಿಂಗಳು. ಹಾಗೆ ನೋಡಿದರೆ ಆ ಡಬ್ಬದಲ್ಲಿ ಆ ಹೆಣ್ಣಿನ ಸ್ಥಿತಿಯನ್ನು ಮೈಯಿಂದಲೇ ಅರಿತವಳು ನಾನೊಬ್ಬಳೇ ಇದ್ದಿರಬೇಕು. ಆದರೂ ನಕ್ಕೆ. ಅವರನ್ನು ನೋಡಿ ನಕ್ಕರೆ ನನ್ನನ್ನು ಯಾರೂ ನೋಡಲಾರರು ಎಂಬ ಲೆಕ್ಕಾಚಾರ ಆ ನಗೆಯಲ್ಲಿತ್ತೆಂದು ಈಗ ಅನ್ನಿಸುತ್ತದೆ. ಈ ಬರಹ ಆ ನಗೆಯ ಕುರಿತಾದದ್ದು.

ಮಂಗಳೂರಿನಲ್ಲಿ ಹುಟ್ಟಿದ, ತುಳು ಮನೆಮಾತಿನ ಐಶ್ವರ್ಯಾ 1994ರಲ್ಲಿ ವಿಶ್ವಸುಂದರಿಯಾದಾಗಿನಿಂದ ಮುಂಬಯಿಯ ತುಳು-ಕನ್ನಡಿಗರಿಗೆ ‘ನಮ್ಮ ಊರಿನ ಹುಡುಗಿ’. ಅವರು ಗರ್ಭಿಣಿಯೆಂಬ ಸುದ್ದಿಯನ್ನು 2011ರ ಜೂನ್‌ನಲ್ಲಿ ಮಾವ ಅಮಿತಾಭ್ ಬಚ್ಚನ್ ಟ್ವಿಟರಿನಲ್ಲಿ ಪ್ರಕಟಿಸಿದರು. ಅಂದಿನಿಂದಲೇ ಆ ಒಡಲು ಸಾರ್ವಜನಿಕ ಆಸ್ತಿಯಾಯಿತು. ಮಧುರ್ ಭಂಡಾರ್ಕರ್ ಅವರ ‘ಹೀರೋಯಿನ್’ ಚಿತ್ರೀಕರಣ ಆರಂಭವಾಗಿ ನಿಂತುಹೋಯಿತು. ನಾಯಕಿಯೊಬ್ಬಳು ತಾನು ಬಸುರಿಯೆಂದು ಯಾವಾಗ, ಯಾರಿಗೆ ತಿಳಿಸಬೇಕೆಂಬುದು ಟಿವಿಯ ಸಂಜೆಯ ಚರ್ಚೆಯಾಯಿತು. ಮಗು 11-11-11ರಂದು ಹುಟ್ಟುವುದೇ ಎಂದು ಬಾಜಿ ಕಟ್ಟಿದವರಿದ್ದರು. ಕೊನೆಗೆ ಸುದ್ದಿವಾಹಿನಿಗಳ ಸಂಪಾದಕರ ಸಂಘವೇ ತನ್ನ ಸದಸ್ಯರಿಗೆ ಕೆಲವು ಕಟ್ಟಳೆಗಳನ್ನು ವಿಧಿಸಬೇಕಾಯಿತು: ಆಸ್ಪತ್ರೆಯ ಮುಂದೆ ಪ್ರಸಾರದ ವಾಹನ ನಿಲ್ಲಿಸಬಾರದು, ಜ್ಯೋತಿಷಿಗಳನ್ನು ಕೂರಿಸಿ ಕಾರ್ಯಕ್ರಮ ಮಾಡಬಾರದು, ಮನೆಯವರು ತಿಳಿಸುವವರೆಗೆ ಸುದ್ದಿ ಬಿತ್ತರಿಸಬಾರದು ಎಂದು. ಭಾರತೀಯ ಮಾಧ್ಯಮ ತನ್ನ ಕಣ್ಣಿಗೆ ತಾನೇ ಪಟ್ಟಿ ಕಟ್ಟಿಕೊಂಡ ಅಪರೂಪದ ಸಂದರ್ಭವದು.

ಆ ಸಂಯಮ ಹೆರಿಗೆಯವರೆಗೆ ಮಾತ್ರ ಬಾಳಿತು. ಆರು ತಿಂಗಳ ನಂತರ ಕಾನ್ ಚಿತ್ರೋತ್ಸವಕ್ಕೆ ಬಂದ ಅದೇ ತಾಯಿ ತೂಕ ಇಳಿಸಿಕೊಂಡಿಲ್ಲವೆಂಬುದು ಜಗತ್ತಿನ ಸುದ್ದಿಯಾಯಿತು. ಸುಂದರವಾಗಿ ಕಾಣುವುದು ಆಕೆಯ ಕರ್ತವ್ಯವೆಂದು ಬರೆದವರಿದ್ದರು. ಅದೇ ವರ್ಷ ತಾಯಿಯಾಗಿದ್ದ ವಿಕ್ಟೋರಿಯಾ ಬೆಕ್‌ಹ್ಯಾಮ್ ಅವರನ್ನು ನೋಡಿ ಕಲಿಯಲಿ ಎಂದವರಿದ್ದರು. ನಮ್ಮ ಲೋಕಲಿನ ಆ ಮೂಲೆಗೆ ಆನೆಯ ಘೀಳು ತಲುಪಿದ್ದು ಹೀಗೆ.

ಹಿಂದೆ ಹೀಗಿರಲಿಲ್ಲವೆಂದು ಹಳೆಯ ಕಾಲವನ್ನು ಹೊಗಳುವುದು ಸುಲಭ. ಆದರೆ ಹಳೆಯ ಕಾಲದ ಉಪಾಯ ಅಡಗಿಸುವುದಾಗಿತ್ತು. 1973ರ ಅಕ್ಟೋಬರಿನಲ್ಲಿ ನಮ್ಮ ರಾಮನಗರದ ಬಂಡೆಗಳ ನಡುವೆ ‘ಶೋಲೆ’ಯ ಚಿತ್ರೀಕರಣ ಶುರುವಾದಾಗ ಐಶ್ವರ್ಯಾರ ಅತ್ತೆ ಜಯಾ ಬಚ್ಚನ್ ತುಂಬು ಬಸುರಿಯಾಗುವ ದಾರಿಯಲ್ಲಿದ್ದರು, ಮಗಳು ಹುಟ್ಟಿದ್ದು 1974ರ ಮಾರ್ಚಿನಲ್ಲಿ. ತೆರೆಯ ಮೇಲೆ ಅವರು ಬಿಳಿಸೀರೆಯುಟ್ಟ ವಿಧವೆ. ಪ್ರೇಕ್ಷಕರಿಗೆ ಆ ಗರ್ಭ ಕಾಣಿಸಲೇ ಇಲ್ಲ, ಕಾಣಿಸಲೂ ಕೂಡದಿತ್ತು. ಹೊರಗಿನ ಜಗತ್ತಿನಲ್ಲಿ ಆ ಪರದೆ ಸರಿದದ್ದು 1991ರಲ್ಲಿ. ಏಳು ತಿಂಗಳ ಬಸುರಿ ಡೆಮಿ ಮೂರ್ ಅವರ ನಗ್ನಚಿತ್ರವನ್ನು ‘ವ್ಯಾನಿಟಿ ಫೇರ್’ ಮುಖಪುಟಕ್ಕೆ ಹಾಕಿದಾಗ ಕೆಲವು ಅಂಗಡಿಗಳು ಅದನ್ನು ಕಾಗದದಲ್ಲಿ ಸುತ್ತಿ ಮಾರಿದವು. ನಮ್ಮಲ್ಲಿ ಆ ಬದಲಾವಣೆಗೆ ಇನ್ನೂ ಕಾಲು ಶತಮಾನ ಬೇಕಾಯಿತು. 2016ರ ಆಗಸ್ಟಿನಲ್ಲಿ ಬಸುರಿ ಕರೀನಾ ಕಪೂರ್ ಮುಂಬಯಿಯ ಫ್ಯಾಷನ್ ವೇದಿಕೆಯ ಮೇಲೆ ತಲೆಯೆತ್ತಿ ನಡೆದರು. ಬೆಂಗಳೂರಿನಲ್ಲಿ ಬೆಳೆದ ಅನುಷ್ಕಾ ಶರ್ಮಾ 2021ರ ಜನವರಿಯಲ್ಲಿ ‘ವೋಗ್’ ಮುಖಪುಟದಲ್ಲಿ ತುಂಬಿದ ಹೊಟ್ಟೆಯೊಂದಿಗೆ ನಿಂತರು.

ಇದು ಬಿಡುಗಡೆಯೇ, ಅನುಮಾನವಿಲ್ಲ. ಬಸುರಿಯನ್ನು ಮನೆಯ ಒಳಕೋಣೆಗೆ ತಳ್ಳುತ್ತಿದ್ದ ನಾಚಿಕೆಯನ್ನು ಈ ಹೆಣ್ಣುಮಕ್ಕಳು ಒಡೆದರು. ಇಂದು ಠಾಣೆಯ ಉಪವನ ಕೆರೆಯ ದಂಡೆಯಲ್ಲೋ ಖಾರ್ಘರಿನ ಉದ್ಯಾನದಲ್ಲೋ ಮಧ್ಯಮ ವರ್ಗದ ಬಸುರಿಯೊಬ್ಬಳು ಗಂಡನ ಕೈಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರೆ ನನಗೆ ಸಂತೋಷವೇ ಆಗುತ್ತದೆ. ನನ್ನ ತಕರಾರು ಆ ಚಿತ್ರದ ಬಗ್ಗೆ ಅಲ್ಲ, ಆ ಚಿತ್ರದ ಮುಂದಿನ ಪುಟದ ಬಗ್ಗೆ. ಬಸುರಿನ ಚಿತ್ರವಾದ ಕೂಡಲೇ ಮಾಧ್ಯಮ ತೋರಿಸುವುದು ‘ಬೌನ್ಸ್ ಬ್ಯಾಕ್’ ಆದ ಚಿತ್ರ. ಚೆಂಡು ನೆಲಕ್ಕೆ ಬಿದ್ದು ಪುಟಿದಂತೆ ಹೊಟ್ಟೆ ಒಳಗೆ ಹೋಗಿರುತ್ತದೆ. ಈ ಎರಡು ಚಿತ್ರಗಳ ನಡುವಿನ ದಿನಗಳಿಗೆ ನಮ್ಮ ಭಾಷೆಯಲ್ಲಿ ಒಂದು ಹೆಸರಿದೆ: ಬಾಣಂತನ. ಮಾಧ್ಯಮದಲ್ಲಿ ಅದಕ್ಕೆ ಪುಟವಿಲ್ಲ.

ಲಂಡನ್ನಿನ ಒಂದು ಉದಾಹರಣೆ ಇಲ್ಲಿ ಉಪಯುಕ್ತ. 2013ರ ಜುಲೈಯಲ್ಲಿ ಕೇಟ್ ಮಿಡಲ್‌ಟನ್ ಮೊದಲ ಮಗುವನ್ನು ಹೆತ್ತ ಮರುದಿನವೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕ್ಯಾಮೆರಾಗಳ ಮುಂದೆ ನಿಲ್ಲಬೇಕಾಯಿತು. ಉಡುಪಿನ ಕೆಳಗೆ ಹೊಟ್ಟೆ ಇನ್ನೂ ಉಬ್ಬಿತ್ತು. ಹೆತ್ತ ಮರುದಿನ ಹೊಟ್ಟೆ ಹಾಗೆಯೇ ಇರುತ್ತದೆಂಬ ಸರಳ ಸತ್ಯ ಎಷ್ಟೋ ಜನರಿಗೆ ಹೊಸ ವಿಷಯವಾಗಿತ್ತು! ಅದರ ಬೆನ್ನಿಗೇ ವಾರಪತ್ರಿಕೆಯೊಂದು ಆಕೆ ತೂಕ ಇಳಿಸುವ ಬಗೆಯನ್ನು ಮುಖಪುಟದ ಸುದ್ದಿ ಮಾಡಿತು. ಓದುಗರು ಸಿಟ್ಟಿಗೆದ್ದಾಗ ಸಮಜಾಯಿಷಿ ನೀಡಿತು. ರಾಜಮನೆತನದ ಹೆಣ್ಣನ್ನು ಹೆರುವ ಒಡಲನ್ನಾಗಿ ಮಾತ್ರ ನೋಡುವ ರೂಢಿಯ ಬಗ್ಗೆ ಅದೇ ವರ್ಷದ ಫೆಬ್ರವರಿಯಲ್ಲಿ ಕಾದಂಬರಿಗಾರ್ತಿ ಹಿಲರಿ ಮ್ಯಾಂಟೆಲ್ ಎಚ್ಚರಿಸಿದ್ದರು. ಅದನ್ನು ಅಲ್ಲಿನ ಪತ್ರಿಕೆಗಳು ಕೇಟ್ ಮೇಲಿನ ನಿಂದೆಯೆಂದು ತಿರುಚಿದ್ದವು. ನೋಡುವ ಕಣ್ಣನ್ನು ಪ್ರಶ್ನಿಸಿದವರ ಮೇಲೆಯೇ ಕಣ್ಣು ಕೆಂಪಾಗುವುದು ಎಲ್ಲೆಡೆಯ ವಾಡಿಕೆ.

ಈ ಕಣ್ಣಿಗೆ ಯಾವ ಅಳತೆಯೂ ಸರಿಹೋಗದೆಂಬುದು ಇತ್ತೀಚೆಗೆ ದೀಪಿಕಾ ಪಡುಕೋಣೆಯವರ ವಿಷಯದಲ್ಲಿ ಸ್ಪಷ್ಟವಾಯಿತು. ಪಡುಕೋಣೆ ನಮ್ಮ ಕುಂದಾಪುರದ ಕಡೆಯ ಊರು. ಅವರ ಮೊದಲ ಚಿತ್ರ ಕನ್ನಡದ ‘ಐಶ್ವರ್ಯ’. 2024ರ ಮೇ 20ರಂದು ಮುಂಬಯಿಯಲ್ಲಿ ಮತ ಹಾಕಲು ಬಂದಾಗ ಅವರ ಹೊಟ್ಟೆ ಕಾಣಿಸಿತು. ಅದು ನಿಜವಾದ ಗರ್ಭವೇ ಅಲ್ಲ, ದಿಂಬು ಕಟ್ಟಿಕೊಂಡಿದ್ದಾರೆ ಎಂದು ಸಾಮಾಜಿಕ ಜಾಲತಾಣಗಳಲ್ಲಿ ಸಾವಿರಾರು ಜನ ತೀರ್ಪು ಕೊಟ್ಟರು. ನಡಿಗೆ ಹಾಗಿರಬೇಕಿತ್ತು, ಆಕಾರ ಹೀಗಿರಬೇಕಿತ್ತು ಎಂದು ವಿಶ್ಲೇಷಿಸಿದರು. ಸೆಪ್ಟೆಂಬರ್ 8ರಂದು ಮಗಳು ಹುಟ್ಟುವವರೆಗೂ ಆ ತಾಯಿ ತನ್ನ ಬಸಿರಿಗೆ ಸಾಕ್ಷಿ ಒದಗಿಸುವ ಸ್ಥಿತಿಯಲ್ಲಿದ್ದರು. 2012ರಲ್ಲಿ ಒಬ್ಬಳು ಹೆತ್ತ ಮೇಲೆ ದಪ್ಪಗಿದ್ದುದು ತಪ್ಪು. 2024ರಲ್ಲಿ ಇನ್ನೊಬ್ಬಳು ಹೆರುವ ಮೊದಲು ಸಾಕಷ್ಟು ದಪ್ಪವಿರದಿದ್ದುದು ತಪ್ಪು.

ಅದೇ ದೀಪಿಕಾ ತಾಯಿಯಾದ ಮೇಲೆ ದಿನಕ್ಕೆ ಎಂಟು ಗಂಟೆಯಷ್ಟೇ ಕೆಲಸ ಮಾಡುವುದಾಗಿ ಷರತ್ತು ಹಾಕಿದರೆಂಬುದು 2025ರಲ್ಲಿ ದೊಡ್ಡ ವಿವಾದವಾಯಿತು. ಚಿತ್ರರಂಗದ ಎಷ್ಟೋ ಪುರುಷ ತಾರೆಯರು ವರ್ಷಗಳಿಂದ ಎಂಟು ಗಂಟೆಯೇ ದುಡಿಯುತ್ತಿದ್ದಾರೆ, ಅದೆಂದೂ ಸುದ್ದಿಯಾಗಲಿಲ್ಲ ಎಂದು ಅವರು ಸಂದರ್ಶನವೊಂದರಲ್ಲಿ ಹೇಳಿದರು. ನನ್ನ ವಾದವೆಲ್ಲ ಈ ಪ್ರಸಂಗದಲ್ಲಿ ಅಡಗಿದೆ. ಬಸುರಿ ತಾರೆ ತನ್ನ ದೇಹವನ್ನು ತೋರಿಸಿದರೆ ಮಾಧ್ಯಮ ಹಬ್ಬ ಮಾಡುತ್ತದೆ. ಬಾಣಂತಿ ತಾರೆ ತನ್ನ ಕಾಲವನ್ನು ಕೇಳಿದರೆ ಹುಬ್ಬು ಗಂಟಿಕ್ಕುತ್ತದೆ. ಹೆತ್ತವಳಿಗೆ ಬೇಕಾಗಿರುವುದು ಕಾಲ. ಅದೂ ಯಾರೂ ನೋಡದ ಕಾಲ. ಮಾಧ್ಯಮ ಆಕೆಗೆ ಕೊಡುವುದು ನೋಟ, ಕಿತ್ತುಕೊಳ್ಳುವುದು ಕಾಲ.

ಯಾರೂ ನೋಡದ ಕಾಲವನ್ನು ನಮ್ಮ ಅಜ್ಜಿಯಂದಿರು ಬಲ್ಲವರಾಗಿದ್ದರು. ನನ್ನ ಬಾಣಂತನಕ್ಕೆ ಅಮ್ಮ ಊರಿನಿಂದ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಗೆ ಮದ್ದಿನ ಡಬ್ಬ ಹಿಡಿದು ಬಂದಿದ್ದಳು. ಹಂಡೆಯಿಲ್ಲದ ಬಚ್ಚಲಿನಲ್ಲಿ ಗೀಸರಿನ ನೀರನ್ನು ಬಕೆಟ್ಟುಗಟ್ಟಲೆ ಎರೆದಳು. ಮೆಂತೆ ಗಂಜಿ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ನಲವತ್ತು ದಿನ ನನ್ನನ್ನು ಯಾರೂ ನೋಡಲಿಲ್ಲ. ನನ್ನ ಕೆಲಸ ಉಣ್ಣುವುದು, ಉಣಿಸುವುದು, ನಿದ್ದೆ ಬಂದಾಗ ನಿದ್ರಿಸುವುದು ಅಷ್ಟೇ ಆಗಿತ್ತು.

ಆ ಕೋಣೆಯಲ್ಲಿ ಎಲ್ಲವೂ ಒಳ್ಳೆಯದಿತ್ತೆಂದು ನಾನು ಹೇಳಲಾರೆ. ಬಾಯಾರಿದ ಬಾಣಂತಿಗೆ ನೀರು ಕೊಡದ ಮೂಢತನ ಅಲ್ಲಿತ್ತು. ಮೈಲಿಗೆಯ ಹೆಸರಿನಲ್ಲಿ ಗಾಳಿಬೆಳಕಿಲ್ಲದ ಮೂಲೆಗೆ ತಳ್ಳಿದ್ದೂ ಇತ್ತು. ಮಗು ಹೆಣ್ಣಾದರೆ ಗಂಜಿಯ ತುಪ್ಪ ತೆಳುವಾದ ಮನೆಗಳನ್ನೂ ಕಂಡಿದ್ದೇವೆ. ಹೊಟ್ಟೆಯ ಚಿಂತೆಯೂ ಅಜ್ಜಿಯಂದಿರಿಗಿತ್ತು. ಹಳೆಯ ಸೀರೆಯನ್ನು ಬಿಗಿದು ಹೊಟ್ಟೆಗೆ ಕಟ್ಟುತ್ತಿದ್ದುದು ಮತ್ತೇಕೆ? ಆದರೆ ಆರನೆಯ ವಾರಕ್ಕೆ ಅಳತೆಪಟ್ಟಿ ಹಿಡಿದು ಅವರು ಬರುತ್ತಿರಲಿಲ್ಲ. ಗರ್ಭಕೋಶ ತನ್ನ ಮೊದಲಿನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಬೇಕೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಅಜ್ಜಿಯ ನಲವತ್ತು ದಿನಕ್ಕೂ ಅದಕ್ಕೂ ಅಂತರ ಎರಡೇ ದಿನ. ಉಳಿದ ಮೈ ಮರಳಲು ತಿಂಗಳುಗಳು ಬೇಕು, ಕೆಲವೊಮ್ಮೆ ಮರಳದೆಯೂ ಇರಬಹುದು.

ಕಾಲ ಬೇಕಾಗುವುದು ಮೈಗಷ್ಟೇ ಅಲ್ಲ, ಮನಸ್ಸಿಗೂ. ಕನ್ನಡ ಓದುಗರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯ ಬುದ್ಧಿ ಕದಡುವುದು ಬಾಣಂತನದಲ್ಲಿಯೇ. 1971ರ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಆ ಪಾತ್ರವಾದದ್ದನ್ನು ನಮ್ಮ ತಾಯಂದಿರು ಮರೆತಿಲ್ಲ. ಕಾವೇರಿ ಗುಣಮುಖಳಾಗಿ ಮನೆಗೆ ಬಂದರೂ ನೆರೆಹೊರೆ ಅವಳನ್ನು ನೋಡುವುದನ್ನು ನಿಲ್ಲಿಸುವುದಿಲ್ಲ. ಪ್ರತಿ ಮಾತಿನಲ್ಲೂ, ಪ್ರತಿ ನಗೆಯಲ್ಲೂ ಹುಚ್ಚಿನ ಕುರುಹು ಹುಡುಕುತ್ತದೆ. ಆ ನೋಟಕ್ಕೂ ಗಂಡನ ದ್ರೋಹಕ್ಕೂ ಸಿಕ್ಕಿ ಅವಳು ಮತ್ತೆ ಕುಸಿಯುತ್ತಾಳೆ. ಇದನ್ನು ಬರೆದ ತ್ರಿವೇಣಿ 1963ರಲ್ಲಿ ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ಇನ್ನೂ ಬಾಣಂತಿಯಾಗಿದ್ದಾಗಲೇ, ಮೂವತ್ತೈದು ತುಂಬುವ ಮೊದಲು ತೀರಿಕೊಂಡರೆಂಬುದನ್ನು ನೆನೆದಾಗ ಬಾಣಂತನ ಅದೆಂಥ ತೆಳು ಸೇತುವೆಯೆಂದು ಮೈ ಜುಮ್ಮೆನ್ನುತ್ತದೆ.

ನಮ್ಮ ಕಾಲದ ತಾರೆಯರಲ್ಲೂ ಈ ಸತ್ಯವನ್ನು ನುಡಿದವರಿದ್ದಾರೆ. 2015ರಲ್ಲಿ ಮೊದಲ ಮಗುವಾದಾಗ ಖಿನ್ನತೆಗೆ ಜಾರಿದ್ದನ್ನೂ ಮೈ ಊದಿಕೊಂಡು ಜನರ ಮುಂದೆ ಬರಲು ಹೆದರಿದ್ದನ್ನೂ ಸಮೀರಾ ರೆಡ್ಡಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ತನ್ನ ತೂಕವನ್ನು ಆಡಿಕೊಂಡ ಬರಹಕ್ಕೆ ನೇಹಾ ಧೂಪಿಯಾ 2019ರಲ್ಲಿ ನೇರ ಉತ್ತರ ಕೊಟ್ಟರು. ಬೇಗನೆ ತೆಳ್ಳಗಾದ ತಾರೆಯರನ್ನೂ ನಾನು ದೂರಲಾರೆ. ದೇಹವೇ ಅವರ ಕಸುಬಿನ ಬಂಡವಾಳ. ಅದರ ಹಿಂದೆ ತರಬೇತುದಾರರು, ಅಡುಗೆಯವರು, ರಾತ್ರಿ ಮಗುವನ್ನು ನೋಡಿಕೊಳ್ಳುವ ದಾದಿಯರು ಇರುತ್ತಾರೆ. ಚಿತ್ರದಲ್ಲಿ ಹೊಟ್ಟೆ ಮಾತ್ರ ಕಾಣಿಸುತ್ತದೆ, ಇವರ್ಯಾರೂ ಕಾಣಿಸುವುದಿಲ್ಲ. ಫಲವನ್ನು ತೋರಿಸಿ ವೆಚ್ಚವನ್ನು ಮರೆಮಾಚುವುದೇ ಈ ಚಿತ್ರಗಳ ಮೋಸ.

ಆ ಚಿತ್ರವನ್ನು ನೋಡುವವರು ಯಾರು? ಕೇಂದ್ರ ಸರ್ಕಾರದ ನೌಕರಳಾದ ನನಗೆ 180 ದಿನಗಳ ಹೆರಿಗೆ ರಜೆಯಿತ್ತು. ಮೇಲೆ ಮಗುವಿನ ಪಾಲನೆಗೆಂದು ಒಟ್ಟು ಸೇವಾವಧಿಯಲ್ಲಿ 730 ದಿನಗಳ ರಜೆಯ ಅವಕಾಶ. ನಾನು ಅದೃಷ್ಟವಂತೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12ರಿಂದ 26 ವಾರಗಳಿಗೆ ಏರಿಸಿತಾದರೂ ಅದು ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಬಾಯಿ ಹೆತ್ತ ಎರಡನೆಯ ತಿಂಗಳಿಗೇ ಕೆಲಸಕ್ಕೆ ಬಂದಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2ರಷ್ಟು ಮಂದಿಗೆ ರಕ್ತಹೀನತೆ. ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಇಂಥ ದೇಶದಲ್ಲಿ ಬಾಣಂತಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ, ಇವಳಿಗೆ ಹೊಟ್ಟೆತುಂಬ ಸಿಗುತ್ತಿದೆಯೇ ಎಂಬುದು. ನಮ್ಮ ಫೋನುಗಳು ಕೇಳುತ್ತಿರುವುದು, ಇವಳ ಹೊಟ್ಟೆ ಇಳಿಯಿತೇ ಎಂದು.

ಇದನ್ನೆಲ್ಲ ಬರೆಯುವಂತೆ ಮಾಡಿದ್ದು ಅಕ್ಕನ ಮಗಳು. ಐರೋಲಿಯಲ್ಲಿ ಕೆಲಸ, ಖಾರ್ಘರಿನಲ್ಲಿ ಮನೆ. ಕಳೆದ ವರ್ಷ ಸಿಸೇರಿಯನ್ ಆಗಿ ಗಂಡುಮಗು. ನಲವತ್ತು ದಿನ ಇದ್ದ ಅಕ್ಕ ಊರಿಗೆ ಹೊರಟ ಮೇಲೆ ಬೇಲಾಪುರದ ಕಚೇರಿಯಿಂದ ವಾರಕ್ಕೊಮ್ಮೆ ನಾನು ಹೋಗಿ ಬರುತ್ತಿದ್ದೆ. ಒಂದು ಸಂಜೆ ಅಕ್ಕ ಮಾಡಿಟ್ಟಿದ್ದ ಮೆಂತೆ ಉಂಡೆಯ ಡಬ್ಬ ಖಾಲಿಯಾಗಿತ್ತು. ಸಂತೋಷಪಟ್ಟೆ. ವಿಚಾರಿಸಿದರೆ, ಉಂಡೆಗಳೆಲ್ಲ ಸೊಸೈಟಿಯ ವಾಚ್‌ಮನ್‌ಗೆ ಹೋಗಿದ್ದವು. ಅವಳು ಹೊಟ್ಟೆಗೆ ಬಿಗಿಯಾದ ಬೆಲ್ಟ್ ಕಟ್ಟಿ ಬಾದಾಮಿ ಎಣಿಸಿ ತಿನ್ನುತ್ತಿದ್ದಳು. ಫೋನಿನಲ್ಲಿ ನಟಿಯೊಬ್ಬಳ ಏಳನೆಯ ವಾರದ ಚಿತ್ರವನ್ನು ಉಳಿಸಿಕೊಂಡಿದ್ದಳು.

“ಹಸಿವಾಗುವುದಿಲ್ಲವಾ ನಿನಗೆ?” ಎಂದೆ.

“ಆಗ್ತದೆ ಚಿಕ್ಕಮ್ಮ. ಆದರೆ ಹಸಿವಾದಾಗ ಏನೋ ಸಾಧಿಸಿದ ಹಾಗೆ ಅನ್ನಿಸ್ತದೆ.”

ಮೆಲ್ಲಗೆ ಉಳಿದದ್ದೂ ಹೊರಬಂತು. ಮಗುವಿಗೆ ಎರಡು ತಿಂಗಳಾಗಿದ್ದಾಗ ಲಿಫ್ಟಿನಲ್ಲಿ ಸಿಕ್ಕಿದ ಹೆಂಗಸೊಬ್ಬರು ಪ್ರೀತಿಯಿಂದಲೇ ಅವಳ ಹೊಟ್ಟೆ ನೋಡಿ “ಕಿತವಾ ಮಹಿನಾ?” ಎಂದು ಕೇಳಿದ್ದರಂತೆ, ಎಷ್ಟನೆಯ ತಿಂಗಳು ಎಂದು. ಅಂದಿನಿಂದ ಅವಳು ಜನರಿಲ್ಲದ ಮಧ್ಯಾಹ್ನದ ಹೊತ್ತು ನೋಡಿ ಮಾತ್ರ ಕೆಳಗಿಳಿಯುತ್ತಿದ್ದಳು.

ಅಂದು ಅವಳಿಗೆ 2012ರ ಲೋಕಲಿನ ಕಥೆ ಹೇಳಿದೆ. ನಾನು ನಕ್ಕದ್ದನ್ನೂ ಸೇರಿಸಿ. “ಆಗ ನೀವು ಹೇಗಿದ್ದಿರಿ? ಫೋಟೊ ತೋರಿಸಿ” ಎಂದಳು. ಮನೆಗೆ ಬಂದು ಹುಡುಕಿದೆ. ಮಗಳ ಮೊದಲ ವರ್ಷದ ಆಲ್ಬಮಿನಲ್ಲಿ ಅಮ್ಮ ಇದ್ದಾಳೆ, ಗಂಡ ಇದ್ದಾರೆ, ಅತ್ತೆ ಇದ್ದಾರೆ. ನಾನಿಲ್ಲ. ಮಗುವನ್ನು ಎತ್ತಿ ಹಿಡಿದ ನನ್ನ ಎರಡು ಕೈಗಳು ಮಾತ್ರ ಅಲ್ಲಲ್ಲಿ ಇವೆ. ಕ್ಯಾಮೆರಾ ಎತ್ತಿದಾಗಲೆಲ್ಲ ಪಕ್ಕಕ್ಕೆ ಸರಿದಿದ್ದೆ. ಈಗ ಹದಿನಾಲ್ಕು ವರ್ಷದ ಮಗಳು ಪುಟ ತಿರುಗಿಸುತ್ತಾ “ಅಮ್ಮ, ನೀನು ಆಗ ಎಲ್ಲಿದ್ದೆ?” ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ.

ಮಾಧ್ಯಮವನ್ನು ತಿದ್ದುವ ಶಕ್ತಿ ನಮಗಿಲ್ಲದಿರಬಹುದು. ಆದರೆ ಮಾಧ್ಯಮವೆಂಬುದು ಎಲ್ಲೋ ಬಾಂದ್ರಾದಲ್ಲಿ ಕ್ಯಾಮೆರಾ ಹಿಡಿದು ಕಾಯುವ ಹುಡುಗರು ಮಾತ್ರವೇ? ಆ ವಿಡಿಯೊವನ್ನು ಡಬ್ಬದಿಂದ ಡಬ್ಬಕ್ಕೆ ಸಾಗಿಸಿದವರು ನಾವು. ಸಂಘದ ವಾರ್ಷಿಕೋತ್ಸವಕ್ಕೆ ಮಗುವನ್ನೆತ್ತಿಕೊಂಡು ಬಂದವಳನ್ನು “ಎಂಥ ಮಾರಾಯ್ತಿ, ಇಷ್ಟು ದಪ್ಪ ಆಗಿದ್ದಿ?” ಎಂದು ಎಲ್ಲರೆದುರು ಸ್ವಾಗತಿಸುವವರೂ ನಾವೇ. ಊರಿನಿಂದ ದೂರವಿರುವ ನಮಗೆ ನಲವತ್ತು ದಿನದ ಕೋಣೆಯನ್ನು ಹಾಗೆಯೇ ಉಳಿಸಿಕೊಳ್ಳಲಾಗದು, ಉಳಿಸಿಕೊಳ್ಳಬೇಕಾಗಿಯೂ ಇಲ್ಲ. ಅದರ ಬಾಗಿಲನ್ನಾದರೂ ಉಳಿಸಿಕೊಳ್ಳಬಹುದು. ಹೊರಗಿನ ನೋಟವನ್ನು ಸ್ವಲ್ಪ ಕಾಲ ತಡೆದು ನಿಲ್ಲಿಸುವ ಬಾಗಿಲದು.

ಅಕ್ಕನ ಮಗಳ ಮನೆಯಿಂದ ಬಂದ ಮೇಲೆ ನನಗೆ ನಾನೇ ಒಂದು ನಿಯಮ ಹಾಕಿಕೊಂಡಿದ್ದೇನೆ. ಬಾಣಂತಿಯನ್ನು ನೋಡಲು ಹೋದಾಗ ಎರಡೇ ಪ್ರಶ್ನೆ ಕೇಳುತ್ತೇನೆ: ಊಟ ಆಯಿತೇ? ನಿದ್ದೆ ಆಯಿತೇ? ಇಲ್ಲವೆಂದರೆ ಮಗುವನ್ನು ಒಂದೆರಡು ಗಂಟೆ ಎತ್ತಿಕೊಂಡು ಕೂರುತ್ತೇನೆ. ಅವಳು ಉಣ್ಣಲಿ, ಮಲಗಲಿ.